ಕರಿಗುಡ್ಡ ಕಪ್ಪಾಗಿಯೇ ಬರಲಿ

ಬೆಳಗಿನ ಆರು ದಾಟಿದೆ. ಸಾವನದುರ್ಗದ ಬುಡದಲ್ಲಿ, ವೀರಭದ್ರಸ್ವಾಮಿ ದೇವಸ್ಥಾನದಿಂದ ತುಸು ಆಚೆ, ಕಾರಿನ ಬಾನೆಟ್ ಮೇಲೆ ಬ್ಯಾಗ್ ಬಿಚ್ಚಿಟ್ಟುಕೊಂಡು ನಿಂತಿದ್ದೀರಿ. ಡಿಸೆಂಬರ್ ಚಳಿಗೆ ಲೆನ್ಸಿನ ಲೋಹದ ಉಂಗುರ ಬೆರಳನ್ನು ಕೊರೆಯುತ್ತದೆ. ಹಣ್ಣುಕಾಯಿ ಅಂಗಡಿಗಳು ಇನ್ನೂ ಟಾರ್ಪಾಲು ಸರಿಸಿಲ್ಲ. ಒಂದರಲ್ಲಿ ಮಾತ್ರ ಬಲ್ಬು ಉರಿಯುತ್ತಿದೆ, ಟೀ ಕುದಿಯುವ ವಾಸನೆ ಬರುತ್ತಿದೆ. ಅರಣ್ಯ ಇಲಾಖೆಯವರು ಹತ್ತಲು ಬಿಡುವುದಕ್ಕೆ ಇನ್ನೂ ಹೊತ್ತಿದೆ. ತಲೆ ಎತ್ತಿದರೆ ಬೆಟ್ಟ ಕಾಣುವುದಿಲ್ಲ. ಬೆಟ್ಟದಷ್ಟು ಆಕಾಶ ಕಾಣೆಯಾಗಿದೆ, ಅಷ್ಟೆ.

ಜೊತೆಗಿರುವವರು ಮಾಗಡಿಯವರು. ಪೇಟೆಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಂದು ರೀಲಿನ ಕಾಲದಿಂದಲೂ ಕ್ಯಾಮೆರಾ ಹಿಡಿದವರು. ನೀವು ಅವರನ್ನು ಅಣ್ಣ ಎನ್ನುತ್ತೀರಿ. ಬೆಂಗಳೂರಿನಿಂದ ಬಂದವರೆಂಬ ಒಂದೇ ಕಾರಣಕ್ಕೆ ಅವರು ನಿಮ್ಮನ್ನು ಸಾರ್ ಎನ್ನುತ್ತಾರೆ.

“ಡಯಲ್ ಎಲ್ಲಿಗಿಟ್ಟಿದ್ದೀರಿ ಸಾರ್?”

“ಹಸಿರಿಗೇ ಇದೆ ಅಣ್ಣ. ಆಟೊ.”

“ಒಂದು ಹೊಡೀರಿ, ನೋಡಾಣ.”

ಒತ್ತುತ್ತೀರಿ. ಕ್ಯಾಮೆರಾದ ನೆತ್ತಿಯಿಂದ ಫ್ಲ್ಯಾಶ್ ತಾನಾಗಿಯೇ ಎದ್ದು ಛಟ್ಟನೆ ಮಿಂಚುತ್ತದೆ. ಮಲಗಿದ್ದ ನಾಯಿ ಎದ್ದು ಬೊಗಳುತ್ತದೆ. ಪರದೆಯಲ್ಲಿ ಹತ್ತಿರದ ಮರದ ಕೊಂಬೆ ಬೆಳ್ಳಗೆ ಸುಟ್ಟುಹೋಗಿದೆ. ಅದರ ಹಿಂದೆ ದೇವಸ್ಥಾನವೂ ಇಲ್ಲ, ಬೆಟ್ಟವೂ ಇಲ್ಲ. ನಾಲ್ಕು ಮಾರು ದಾಟದ ಬೆಳಕನ್ನು ಒಂದಿಡೀ ಬೆಟ್ಟದ ಮೇಲೆ ಎಸೆದು ಕ್ಯಾಮೆರಾ ತನ್ನ ಕೆಲಸ ಮುಗಿಸಿದೆ.

“ಹಸಿರಲ್ಲಿ ನಮ್ಮ ಮಾತು ನಡೆಯಲ್ಲ ಸಾರ್. ಪಿಗೆ ತಿರುಗಿಸಿ.”

ಪಿ ಎಂದರೆ ಪ್ರೋಗ್ರಾಂ. ಅಪರ್ಚರ್ ಎಷ್ಟು ಅಗಲ ತೆರೆಯಬೇಕು, ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಈ ಎರಡನ್ನೂ ಇಲ್ಲಿಯೂ ಕ್ಯಾಮೆರಾವೇ ಲೆಕ್ಕ ಹಾಕುತ್ತದೆ. ಆದರೆ ಫ್ಲ್ಯಾಶ್ ಬೇಕೋ ಬೇಡವೋ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ) ಎಷ್ಟಿರಬೇಕು, ಚಿತ್ರ ತುಸು ಕಪ್ಪಗಿರಲೋ ತುಸು ಬೆಳ್ಳಗಿರಲೋ ಎನ್ನುವ ತೀರ್ಮಾನ ನಿಮ್ಮ ಕೈಗೆ ಬರುತ್ತದೆ. ಪಿ ಎಂದರೆ ಎಳಸು ಕೈಗಳದ್ದು ಎಂದು ಮೂಗು ಮುರಿಯುವವರಿದ್ದಾರೆ. ಓಡುತ್ತಾ ತೆಗೆಯಬೇಕಾದಾಗ ಅದೇ ಒಳ್ಳೆಯದು ಎಂಬುದನ್ನು ಮದುವೆಮನೆಯಲ್ಲಿ ಧಾರೆಯ ಗಳಿಗೆಗೆ ಸಿಕ್ಕಿಬಿದ್ದ ಯಾರನ್ನಾದರೂ ಕೇಳಿ.

ಟ್ರೈಪಾಡ್ ನಿಲ್ಲಿಸುತ್ತೀರಿ. ಐಎಸ್‌ಒ 800. ಕ್ಯಾಮೆರಾ ಎಫ್ 4, 1/15 ಸೆಕೆಂಡು ಎನ್ನುತ್ತದೆ. ಹೆಬ್ಬೆರಳಿನ ಚಕ್ರ ಒಂದು ಕಡೆಗೆ ತಿರುಗಿಸಿದರೆ ಎಫ್ 2.8, 1/30, ಇನ್ನೊಂದು ಕಡೆಗೆ ತಿರುಗಿಸಿದರೆ ಎಫ್ 5.6, 1/8. ಕಿಂಡಿ ಅಗಲವಾದಷ್ಟೂ ಹೊತ್ತು ಕಡಿಮೆ. ಒಳಗೆ ಬರುವ ಒಟ್ಟು ಬೆಳಕು ಅಷ್ಟೇ. ಕ್ಲಿಕ್ ಎಂದ ಮೇಲೆ ಪರದೆ ನೋಡಿದರೆ ಮಾತ್ರ ಏನೋ ಸರಿಯಿಲ್ಲ. ನಿಮ್ಮ ಕಣ್ಣೆದುರಿಗೆ ನೀಲಿ ನಸುಕು. ದೇವಸ್ಥಾನದ ಗೋಡೆ ಇನ್ನೂ ಮಸುಕು, ದೀಪವೊಂದೇ ಹಳದಿ. ಪರದೆಯಲ್ಲಿ ಮಾತ್ರ ಮೋಡ ಕವಿದ ಮಧ್ಯಾಹ್ನ, ಗೋಡೆಯ ಕಲೆಗಳೂ ಎದ್ದು ಕಾಣುತ್ತಿವೆ. ನಸುಕು ನಸುಕಾಗಿರುವುದು ಕ್ಯಾಮೆರಾಕ್ಕೆ ಇಷ್ಟವಿಲ್ಲ.

ಅಣ್ಣ ಪ್ಲಸ್-ಮೈನಸ್ ಗುರುತಿನ ಗುಂಡಿ ತೋರಿಸುತ್ತಾರೆ. ಮೈನಸ್ ಒಂದೂವರೆ. ಈಗ ತೆಗೆದರೆ ನೀಲಿ ವಾಪಸ್ ಬರುತ್ತದೆ, ದೀಪ ದೀಪವಾಗುತ್ತದೆ.

ಟೀ ಕುಡಿದು, ಚೀಟಿ ತೋರಿಸಿ ಹತ್ತಲು ಶುರು ಮಾಡುತ್ತೀರಿ. ಮೊದಲು ಕುರುಚಲು ಕಾಡು. ಆಮೇಲೆ ಕಾಡು ಮುಗಿದು ಬರೀ ಬಂಡೆ. ಸಾವನದುರ್ಗವನ್ನು ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೇಳುತ್ತಾರೆ. ಸಮುದ್ರಮಟ್ಟದಿಂದ 1,226 ಮೀಟರು. ಅಂಕಿ ಏನೇ ಹೇಳಲಿ, ಕಾಲಿಗೆ ತಿಳಿಯುವುದು ಇಳಿಜಾರು ಮಾತ್ರ. ಬಂಡೆಯ ಮೇಲೆ ಬಳಿದ ಬಿಳಿ ಬಾಣದ ಗುರುತು ನೋಡಿಕೊಂಡು, ಬೂಟಿನ ಅಡಿಯನ್ನು ಪೂರ್ತಿ ಊರಿ ನಡೆಯಬೇಕು. ಮಳೆ ಬಿದ್ದ ದಿನ ಇದೇ ಬಂಡೆ ಜಾರಿ ಜೀವ ತೆಗೆಯುತ್ತದೆ. ಕ್ಯಾಮೆರಾದ ಪಟ್ಟಿಯನ್ನು ಕೊರಳಿಗಲ್ಲ, ಹೆಗಲಿನಿಂದ ಅಡ್ಡಕ್ಕೆ ಹಾಕಿಕೊಳ್ಳಿ. ಎರಡೂ ಕೈ ಖಾಲಿ ಇರಲಿ.

ಬಿಸಿಲು ಮೊದಲು ನೆತ್ತಿಗೆ ಬೀಳುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಏಳೂವರೆಯ ಹೊತ್ತಿಗೆ ನೀವು ನಿಂತಿರುವ ಕಡೆಯಿಂದ ಸಾವನದುರ್ಗದ ಎರಡು ಗುಡ್ಡಗಳಲ್ಲಿ ಒಂದಾದ ಕರಿಗುಡ್ಡದ ಮೈ ಪೂರ್ತಿ ಕಾಣುತ್ತದೆ. ನೂರಾರು ಮಳೆಗಾಲಗಳ ನೀರು ಹರಿದ ಜಾಡಿನಲ್ಲಿ ಪಾಚಿ ಒಣಗಿ, ಕಲ್ಲುಹೂವು ಹಿಡಿದು, ಮೇಲಿಂದ ಕೆಳಗೆ ಕಪ್ಪು ಪಟ್ಟೆ ಎಳೆದಿವೆ. ಹತ್ತಿರ ಹೋಗಿ ನೋಡಿದರೆ ಕಪ್ಪು ಒಂದೇ ಅಲ್ಲ: ಬಿಸಿಲು ತಾಗಿದ ಕಡೆ ಕಂದು, ತೇವ ಉಳಿದ ಸಂದಿನಲ್ಲಿ ಇದ್ದಿಲು, ಕಲ್ಲುಹೂವಿನ ಅಂಚಿಗೆ ಬೂದುಹಸಿರು. ಇದರ ಜೋಡಿ ಬಿಳಿಗುಡ್ಡ. ಬಿಳಿ ಎಂದರೆ ಸುಣ್ಣದ ಬಿಳಿಯಲ್ಲ, ಬೋಳುಕಲ್ಲಿನ ತೆಳುಬಣ್ಣ. ಆದರೂ ಬೆಳಗಿನ ಬಿಸಿಲಿಗೆ ಎರಡರ ವ್ಯತ್ಯಾಸ ಯಾರ ಕಣ್ಣಿಗಾದರೂ ಹೊಡೆಯುತ್ತದೆ.

ನಿಮ್ಮ ಕ್ಯಾಮೆರಾದ ಕಣ್ಣಿಗೆ ಹೊಡೆಯುವುದಿಲ್ಲ.

ಕರಿಗುಡ್ಡವನ್ನಷ್ಟೇ ಚೌಕಟ್ಟಿನ ತುಂಬ ತುಂಬಿ ಪಿಯಲ್ಲಿ ಒಂದು ಚಿತ್ರ ತೆಗೆಯಿರಿ. ಹಾಗೇ ತಿರುಗಿ, ಸಾಧ್ಯವಾದಷ್ಟು ಬಿಳಿಗುಡ್ಡದ ತೆಳುಬಂಡೆಯನ್ನೇ ತುಂಬಿಸಿ ಇನ್ನೊಂದು ತೆಗೆಯಿರಿ. ಪರದೆಯಲ್ಲಿ ಎರಡನ್ನೂ ಹಿಂದೆ ಮುಂದೆ ಮಾಡಿ ನೋಡಿ. ಎರಡೂ ಬೂದು. ಕಪ್ಪು ಗುಡ್ಡ ಬಿಳಚಿಕೊಂಡಿದೆ, ಬಿಳಿ ಗುಡ್ಡ ಮಂಕಾಗಿದೆ. ಎರಡು ಬೆಟ್ಟ ಸೇರಿ ಒಂದೇ ಬೆಟ್ಟವಾಗಿವೆ.

ಡಯಲನ್ನು, ಅಪರ್ಚರ್ ನೀವೇ ಆರಿಸುವ ಎಗೆ ತಿರುಗಿಸಿ ತೆಗೆಯಿರಿ. ಬೂದು. ಶಟರ್ ನೀವೇ ಆರಿಸುವ ಎಸ್. ಬೂದು. ಇಲ್ಲಿಯೇ ಬಹಳ ಜನ ಎಡವುವುದು. ಮೋಡ್ ಬದಲಿಸಿದರೆ ಚಿತ್ರದ ಬೆಳಕು ಬದಲಾಗುತ್ತದೆ ಎಂದು ನಂಬಿ ಡಯಲನ್ನು ಗಿರಗಿರ ತಿರುಗಿಸುತ್ತಾರೆ. ಪಿ, ಎ, ಎಸ್ ಮೂರೂ ಕೇಳುವುದು ಒಬ್ಬನನ್ನೇ, ಒಳಗೆ ಕೂತ ಮೀಟರನ್ನು. ಆ ಮೀಟರಿಗೆ ಎದುರಿಗಿರುವುದು ಕಲ್ಲೋ, ಹಾಲೋ, ಎಮ್ಮೆಯೋ ಗೊತ್ತಿಲ್ಲ. ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 18ರಷ್ಟನ್ನು ಹಿಂದಿರುಗಿಸುವ ನಡುಬೂದು ಬಣ್ಣವೇ ಲೋಕದ ಸರಾಸರಿ ಎಂದು ಅದು ಲೆಕ್ಕ ಹಿಡಿದಿದೆ. 1983ರಲ್ಲಿ ಬಂದ ನಿಕಾನ್ ಎಫ್‌ಎ ಕ್ಯಾಮೆರಾ ಚೌಕಟ್ಟನ್ನು ಭಾಗಗಳಾಗಿ ಒಡೆದು ಅಳೆಯುವುದನ್ನು ಕಲಿಸಿದ ಮೇಲೆ ಮೀಟರುಗಳು ಜಾಣವಾಗಿವೆ, ಇಂದಿನವು ಮುಖವನ್ನೂ ಗುರುತಿಸುತ್ತವೆ. ಆದರೂ ಚೌಕಟ್ಟಿನ ತುಂಬ ಕರಿಬಂಡೆಯೊಂದನ್ನೇ ತೋರಿಸಿದರೆ ಅವೂ ಹಳೆಯ ಚಾಳಿಗೆ ಬೀಳುತ್ತವೆ.

“ಅದು ನಮ್ಮ ಅತ್ತೆ ಇದ್ದಂಗೆ ಸಾರ್,” ಎನ್ನುತ್ತಾರೆ ಅಣ್ಣ. “ಮಗು ಬಂದ್ರೂ ಅಷ್ಟೇ, ಗಾರೆ ಕೆಲಸದೋನು ಬಂದ್ರೂ ಅಷ್ಟೇ, ಒಂದೇ ಅಳತೆ ಮುದ್ದೆ. ಮದುವೇಲಿ ಗಂಡು ಕರೀ ಕೋಟು ಹಾಕ್ಕೊಂಡು ನಿಂತ್ರೆ ಮುಖ ವಾಶ್‌ಔಟ್. ರೇಷ್ಮೆ ಪಂಚೇಲಿ ನಿಂತ್ರೆ ಮುಖ ಕರ್ರಗೆ. ಅದೇ ಗಂಡು, ಅದೇ ಲೈಟು!”

ಕರಿಗುಡ್ಡಕ್ಕೆ ಮೈನಸ್ ಒಂದು. ಬಿಳಿಗುಡ್ಡಕ್ಕೆ ಪ್ಲಸ್ ಮುಕ್ಕಾಲಿನ ಆಸುಪಾಸು. ಕಪ್ಪಿಗೆ ಇನ್ನಷ್ಟು ಬೆಳಕು ಕೊಡಬೇಕು, ಬಿಳಿಗೆ ಕಡಿಮೆ ಮಾಡಬೇಕು ಎಂದು ಮನಸ್ಸು ಹೇಳುತ್ತದೆ. ಮಾಡಬೇಕಾದ್ದು ಅದಕ್ಕೆ ತಿರುವುಮುರುವು. ಕಪ್ಪನ್ನು ಕಪ್ಪಾಗಿ ಬಿಡುವುದಕ್ಕೆ ಬೆಳಕು ಕಿತ್ತುಕೊಳ್ಳಬೇಕು. ಈ ಒಂದು ಗುಂಡಿಯನ್ನು ಅರಿತವರಿಗೆ ಡಯಲ್ ಮೇಲಿನ ಅಕ್ಷರಗಳ ಹೆದರಿಕೆ ಅರ್ಧ ಹೋಗುತ್ತದೆ. ಅನುಮಾನ ಬಂದರೆ ಬಂಡೆಯ ಬುಡದ ಹಸಿರು ಹುಲ್ಲಿನ ಮೇಲೆ, ಬೆಟ್ಟದ ಮೇಲೆ ಬಿದ್ದಿರುವ ಅದೇ ಬಿಸಿಲಿನಲ್ಲಿ, ಮೀಟರ್ ಹಿಡಿದು ನೋಡಿ. ಹುಲ್ಲು ಹೆಚ್ಚುಕಡಿಮೆ ಆ ನಡುಬೂದುವಿನಷ್ಟೇ ಬೆಳಕನ್ನು ಮರಳಿಸುತ್ತದೆ. ಅಲ್ಲಿ ಸಿಕ್ಕ ಅಂಕಿಯನ್ನು ಹಿಡಿದುಕೊಂಡು ಕರಿಗುಡ್ಡದತ್ತ ತಿರುಗಿದರೆ ಕರಿಗುಡ್ಡ ಇದ್ದ ಹಾಗೇ ಬರುತ್ತದೆ.

1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಈ ದುರ್ಗವನ್ನು ಟಿಪ್ಪು ಸುಲ್ತಾನನ ಕೈಯಿಂದ ಕಿತ್ತುಕೊಂಡಾಗ ದಂಡಿನ ಹಿಂದೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಇದ್ದ. ಅವನ ಮೈಸೂರು ಸೀಮೆಯ ಚಿತ್ರಗಳು 1794ರಲ್ಲಿ ಪುಸ್ತಕವಾಗಿ ಅಚ್ಚಾದವು, ಸಾವನದುರ್ಗವೂ ಅದರಲ್ಲಿದೆ. ಬೆಟ್ಟ ಎಷ್ಟು ಕಪ್ಪಿರಬೇಕೆಂದು ಅವನು ಯಾವ ಮೀಟರನ್ನೂ ಕೇಳಬೇಕಿರಲಿಲ್ಲ. ನಿಮಗೆ ಆ ಸವಲತ್ತು ಮೈನಸ್ ಗುಂಡಿಯಲ್ಲಿದೆ.

ಏರು ಕಡಿದಾಗುತ್ತದೆ. ಉಸಿರು ಹಿಡಿಯಲು ಕೂರುವ ಕಡೆ ಕೋಟೆಯ ಹಾಳು ಗೋಡೆ. ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ದುರ್ಗ ಇದು. 1728ರಲ್ಲಿ ಮೈಸೂರಿನವರ ಪಾಲಾಯಿತು. ಗೋಡೆಯ ಕಲ್ಲು ನಿಮ್ಮ ಮೊಣಕಾಲಿನ ಹತ್ತಿರ, ಹಿಂದೆ ಕಣಿವೆ, ಅದರಾಚೆ ಮಂಜಿನಲ್ಲಿ ಮಂಚನಬೆಲೆ ಜಲಾಶಯದ ನೀರು. ಕಲ್ಲೂ ಚೂಪಾಗಿರಬೇಕು, ನೀರೂ ಚೂಪಾಗಿರಬೇಕು. ಇದಕ್ಕೇ ಎ ಇರುವುದು. ಕ್ಯಾನನ್ ಕ್ಯಾಮೆರಾದಲ್ಲಿ ಇದನ್ನೇ ಎವಿ ಎಂದು ಬರೆದಿರುತ್ತಾರೆ. ಅಪರ್ಚರ್ ನಿಮ್ಮದು, ಅದಕ್ಕೆ ಹೊಂದುವ ಶಟರ್ ಕ್ಯಾಮೆರಾದ್ದು.

24 ಎಂಎಂ ಲೆನ್ಸ್, ಎಫ್ 11. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸುಮಾರು ಎರಡು ಮೀಟರು ದೂರಕ್ಕೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಹಾಗಿದ್ದರೆ ಎಫ್ 22 ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಅಷ್ಟು ಕಿರಿದಾದ ಕಿಂಡಿಯ ಅಂಚಿಗೆ ತಾಗಿ ಬೆಳಕು ಚದುರುತ್ತದೆ, ಇಡೀ ಚಿತ್ರವೇ ತುಸು ಮೆತ್ತಗಾಗುತ್ತದೆ. ಇನ್ನೊಂದು ತುದಿಗೆ ಬನ್ನಿ: ಗೋಡೆಯ ಸಂದಿನಲ್ಲಿ ಹಿಡಿದ ಕಲ್ಲುಹೂವಿನ ಮೇಲೆ ಬಗ್ಗಿ ಎಫ್ 2.8. ಉಗುರಿನಗಲದ ಬೂದುಹಸಿರು ಮಾತ್ರ ನಿಂತು ಕಣಿವೆಯೆಲ್ಲ ಕರಗಿಹೋಗುತ್ತದೆ. ಎರಡರಲ್ಲೂ ಬೆಳಕು ಒಂದೇ, ಚಿತ್ರ ಮಾತ್ರ ಬೇರೆ. ಬೆಟ್ಟ ಓಡಿಹೋಗುವುದಿಲ್ಲವಾದ್ದರಿಂದ ಸಾವನದುರ್ಗದ ಮುಕ್ಕಾಲು ಪಾಲು ಕೆಲಸ ಎಯಲ್ಲಿ ಮತ್ತು ಪ್ಲಸ್-ಮೈನಸ್‌ನಲ್ಲಿ ಮುಗಿಯುತ್ತದೆ ಎಂಬುದು ನನ್ನ ಲೆಕ್ಕ.

ಓಡಿಹೋಗುವುದೂ ಇದೆ. ಪಕ್ಕದ ಬಂಡೆಯ ಮೇಲೆ ಓತಿಕ್ಯಾತವೊಂದು ಬಿಸಿಲು ಕಾಯಿಸುತ್ತಾ ಮುಂಗಾಲಿನ ಮೇಲೆ ಮೈ ಎತ್ತಿ ಇಳಿಸುತ್ತಿದೆ. ಮಿಲನದ ಕಾಲದಲ್ಲಿ ಗಂಡಿಗೆ ಬರುವ ಕೆಂಪು ಈಗಿಲ್ಲ, ಬಂಡೆಯ ಬಣ್ಣವೇ ಅದರ ಬಣ್ಣ. ದೂರದ ಲೆನ್ಸ್ ಹಾಕಿ ಎಸ್‌ಗೆ ತಿರುಗಿಸುತ್ತೀರಿ; ಕ್ಯಾನನ್‌ನವರಿಗೆ ಟಿವಿ. ಶಟರ್ ನಿಮ್ಮದು, ಅಪರ್ಚರ್ ಕ್ಯಾಮೆರಾದ್ದು. 1/2000. ಚೌಕಟ್ಟಿನ ಕೆಳಗೆ 5.6 ಎಂಬ ಅಂಕಿ ಮಿಣಮಿಣ ಮಿನುಗುತ್ತದೆ. ಲೆನ್ಸಿನ ಕಿಂಡಿ ಅದಕ್ಕಿಂತ ಅಗಲವಾಗುವುದಿಲ್ಲ, ಬೆಳಕು ಸಾಲದು ಎಂದು ಕ್ಯಾಮೆರಾ ಕೈ ಎತ್ತಿದ್ದಕ್ಕೆ ಗುರುತು ಅದು. ಗಮನಿಸದೆ ಒತ್ತಿದರೆ ಚಿತ್ರ ಕಪ್ಪಗೆ ಬರುತ್ತದೆ. ಐಎಸ್‌ಒ 100ರಿಂದ 400ಕ್ಕೆ ಏರಿಸಿದರೆ ಮಿನುಗು ನಿಲ್ಲುತ್ತದೆ. ಅಷ್ಟರಲ್ಲಿ ಓತಿ ಸಂದಿಯ ಮೇಲೆ ನೆಗೆದು ಆಚೆ ಬಂಡೆಗೆ ಹೋಗಿರುತ್ತದೆ.

ಅದೇ ಎಸ್‌ನಲ್ಲಿ ನಿಧಾನವೂ ಇದೆ. ಬಂಡೆಯ ನೆರಳಿನಲ್ಲಿ ಒಣಗಿದ ಹುಲ್ಲು ಗಾಳಿಗೆ ತೊನೆಯುತ್ತಿದೆ. 1/500ರಲ್ಲಿ ತೆಗೆದರೆ ಪ್ರತಿ ಎಳೆಯೂ ಸೆಟೆದು ನಿಂತಂತೆ, ಗಾಳಿಯೇ ಇಲ್ಲವೆಂಬಂತೆ ಬರುತ್ತದೆ. ಕ್ಯಾಮೆರಾವನ್ನು ಬಂಡೆಗೆ ಆನಿಸಿ 1/15. ಐಎಸ್‌ಒ 100ಕ್ಕೆ ಇಳಿದರೆ ನೆರಳಿನಲ್ಲಿ ಎಫ್ 16 ಸಾಕಾಗುತ್ತದೆ. ಈಗ ಹುಲ್ಲು ಒಂದು ಬಂಗಾರದ ಮಸುಕು, ಬಂಡೆ ಮಾತ್ರ ಗಟ್ಟಿ. ಇದನ್ನೇ ಬಿಸಿಲಿನಲ್ಲಿ ಮಾಡಲು ಹೋದರೆ ಎಫ್ 22ಕ್ಕೆ ಮುಟ್ಟಿ ಮತ್ತೆ ಮಿನುಗು ಶುರು, ಈ ಸಲ ಬೆಳಕು ಹೆಚ್ಚಾಯಿತೆಂದು.

ಅಣ್ಣ ನೀರು ಕುಡಿಯುತ್ತಾ ತಮ್ಮ ಪೆಂಟಾಕ್ಸ್ ಕೆ1000 ನೆನೆಯುತ್ತಾರೆ. 1976ರಲ್ಲಿ ಮಾರುಕಟ್ಟೆಗೆ ಬಂದ ಆ ಕ್ಯಾಮೆರಾದಲ್ಲಿ ಮೋಡ್ ಡಯಲೇ ಇಲ್ಲ. ಚೌಕಟ್ಟಿನ ಬಲಕ್ಕೆ ಒಂದು ಸೂಜಿ. ಅದು ನಡುವಿಗೆ ಬರುವ ತನಕ ಅಪರ್ಚರ್ ಉಂಗುರವನ್ನೋ ಶಟರ್ ಗುಂಡಿಯನ್ನೋ ತಿರುಗಿಸಬೇಕು. ಸೆಲ್ ಮುಗಿದರೆ ಸೂಜಿ ಸಾಯುತ್ತದೆ, ಕ್ಯಾಮೆರಾ ಸಾಯುವುದಿಲ್ಲ. ರೀಲಿಗೆ 36 ಫೋಟೊ, ತೊಳೆಸುವ ತನಕ ಏನಾಯಿತೆಂದು ಗೊತ್ತಿಲ್ಲ. ಜಪಾನಿನ ಕಂಪನಿಗಳು ಆಗಲೇ ಆಟೊ ಮಾಡುವ ಪೈಪೋಟಿಗೆ ಬಿದ್ದಿದ್ದವು: 1977ರ ಮಿನೋಲ್ಟಾ ಎಕ್ಸ್‌ಡಿಯಲ್ಲಿ ಎ, ಎಸ್ ಎರಡೂ ಒಂದೇ ಪೆಟ್ಟಿಗೆಗೆ ಬಂದವು, 1978ರ ಕ್ಯಾನನ್ ಎ-1ರಲ್ಲಿ ಪ್ರೋಗ್ರಾಂ ಕೂಡ ಸೇರಿತು. ನಿಮ್ಮ ಹೆಬ್ಬೆರಳಿನ ಕೆಳಗಿನ ಡಯಲಿನ ಮುಖ್ಯ ಅಕ್ಷರಗಳೆಲ್ಲ ಅಂದಿನವೇ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆಯಂಥವರು ಕಾಡಿನ ಪ್ರಾಣಿಪಕ್ಷಿಗಳನ್ನು ಕಪ್ಪು-ಬಿಳುಪಿನ ರೀಲಿನ ಮೇಲೆ ಹಿಡಿಯತೊಡಗಿದ ಕಾಲಕ್ಕೆ ಇದ್ಯಾವುದೂ ಇರಲಿಲ್ಲ. ಬೆಳಕನ್ನು ಅಂದಾಜು ಮಾಡುವುದು ಕಣ್ಣಿನ ಕೆಲಸವಾಗಿತ್ತು.

“ಸಾರ್, ಮೇಲೆ!”

ತಲೆಯ ಮೇಲೆ, ಕರಿಗುಡ್ಡದ ಅಂಚಿನಿಂದ, ರೆಕ್ಕೆ ಬಡಿಯದೆ ಒಂದು ಹಕ್ಕಿ ತೇಲಿ ಬರುತ್ತಿದೆ. ಮೈ ಬಿಳಿ, ರೆಕ್ಕೆಯ ಹಿಂದಿನ ಗರಿಗಳು ಕಪ್ಪು, ಮುಖ ಹಳದಿ. ಬಿಳಿ ರಣಹದ್ದು. ಈ ಸೀಮೆಯ ಬಂಡೆಗಳಲ್ಲಿ ರಣಹದ್ದುಗಳು ಉಳಿದಿದ್ದರಿಂದಲೇ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿದರು. ಹಕ್ಕಿ ಮೊದಲು ಕಪ್ಪು ಬಂಡೆಯ ಮುಂದೆ ಹಾಯುತ್ತದೆ, ಎರಡು ಗಳಿಗೆಯಲ್ಲಿ ಬೆಳ್ಳನೆಯ ಆಕಾಶಕ್ಕೆ ಜಾರುತ್ತದೆ, ಒಂದು ಸುತ್ತು ಹಾಕಿ ಮತ್ತೆ ಬಂಡೆಯ ಮುಂದಕ್ಕೆ.

ನೀವು ಮತ್ತೆ ಎಯಲ್ಲಿದ್ದೀರಿ. ಬಂಡೆಯ ಮುಂದಿದ್ದಾಗ ಮೀಟರ್ ಕಪ್ಪು ನೋಡಿ ಬೆಚ್ಚಿ 1/500 ಕೊಡುತ್ತದೆ: ಬಂಡೆ ಬೂದು, ಹಕ್ಕಿ ಒಂದು ಬಿಳಿ ಬೊಟ್ಟು, ಗರಿಯ ಗೆರೆ ಒಂದೂ ಇಲ್ಲ. ಆಕಾಶಕ್ಕೆ ಬಂದಾಗ ಅದೇ ಮೀಟರ್ 1/4000ಕ್ಕೆ ಹಾರುತ್ತದೆ: ಆಕಾಶ ಬೂದು, ಹಕ್ಕಿ ಕಾಗೆಯ ಬಣ್ಣ. ಪ್ಲಸ್-ಮೈನಸ್ ಗುಂಡಿಯೂ ಇಲ್ಲಿ ಕೈಕೊಡುತ್ತದೆ. ಬಂಡೆಯ ಮುಂದೆ ಮೈನಸ್ ಬೇಕು, ಆಕಾಶದ ಮುಂದೆ ಪ್ಲಸ್. ಹಕ್ಕಿ ಅಷ್ಟು ಹೊತ್ತು ಕೊಡುವುದಿಲ್ಲ. ಎಸ್‌ಗೆ ಹೋದರೂ ಇದೇ ಪಾಡು.

ಈಗ ಯೋಚಿಸಿ. ಹಕ್ಕಿಯ ಮೇಲೆ ಬೀಳುತ್ತಿರುವ ಬಿಸಿಲು ಬದಲಾಯಿತೇ? ಬಂಡೆಯ ಮುಂದೆಯೂ ಅದೇ ಸೂರ್ಯ, ಆಕಾಶದ ಮುಂದೆಯೂ ಅದೇ ಸೂರ್ಯ. ಬದಲಾದದ್ದು ಹಿನ್ನೆಲೆ ಮಾತ್ರ. ಹಕ್ಕಿಗೆ ಬೇಕಾದ ಎಕ್ಸ್‌ಪೋಶರ್ ಒಂದೇ. ಅದನ್ನು ಕಟ್ಟಿಹಾಕುವ ಮೋಡ್ ಎಂ, ಅಂದರೆ ಮ್ಯಾನ್ಯುಯಲ್: ಅಪರ್ಚರ್, ಶಟರ್ ಎರಡೂ ನಿಮ್ಮದು.

ಅಂಕಿ ಎಲ್ಲಿಂದ? ರೀಲಿನ ಡಬ್ಬಿಯೊಳಗಿನ ಚೀಟಿಯಲ್ಲಿ ಅಚ್ಚಾಗಿ ಬರುತ್ತಿದ್ದ ಹಳೆಯ ಸೂತ್ರದಿಂದ. ಮೋಡವಿಲ್ಲದ ಬಿಸಿಲಿನಲ್ಲಿ ಎಫ್ 16 ಇಟ್ಟರೆ ಶಟರ್ ಐಎಸ್‌ಒದಷ್ಟೇ. ಐಎಸ್‌ಒ 400 ಆದರೆ 1/400. ಕಿಂಡಿ ಒಂದು ಮೆಟ್ಟಿಲು ತೆರೆದು ಎಫ್ 11 ಮಾಡಿದರೆ 1/800, ಇನ್ನೊಂದು ತೆರೆದು ಎಫ್ 8 ಮಾಡಿದರೆ 1/1600. ಹಾರುವ ಹಕ್ಕಿಗೆ ಅಷ್ಟು ಸಾಕು. ಎಂಗೆ ತಿರುಗಿಸಿ, ಎಫ್ 8, 1/1600, ಐಎಸ್‌ಒ 400. ಮೀಟರಿನ ಗುರುತು ಒಮ್ಮೆ ಮೈನಸ್ಸಿಗೆ, ಒಮ್ಮೆ ಪ್ಲಸ್ಸಿಗೆ ಓಲಾಡುತ್ತಾ ಗಲಾಟೆ ಮಾಡುತ್ತದೆ. ಮಾಡಲಿ ಬಿಡಿ. ಬಂಡೆಯ ಮುಂದೆ ಒಂದು ಸಾಲು ಹೊಡೆಯಿರಿ, ಆಕಾಶದಲ್ಲಿ ಇನ್ನೊಂದು ಸಾಲು. ಪರದೆಯಲ್ಲಿ ದೊಡ್ಡದು ಮಾಡಿ ನೋಡಿ: ಎರಡರಲ್ಲೂ ಕತ್ತಿನ ಕೊಳೆಬಿಳಿ ಗರಿ ಒಂದೊಂದೂ ಎಣಿಸುವ ಹಾಗಿದೆ, ರೆಕ್ಕೆಯ ಕಪ್ಪು ಕಪ್ಪಾಗಿದೆ. ಹಿಂದೆ ಕರಿಗುಡ್ಡ, ಕೇಳದೆಯೇ, ಕಪ್ಪಾಗಿ ನಿಂತಿದೆ. ಸೂರ್ಯ ಮೋಡಕ್ಕೆ ಮರೆಯಾದರೆ ಮಾತ್ರ ಲೆಕ್ಕ ಮತ್ತೆ ಹಾಕಬೇಕು. ಅಷ್ಟರ ಮಟ್ಟಿಗೆ ಎಂ ನಿಮ್ಮನ್ನು ಎಚ್ಚರದಲ್ಲಿಡುತ್ತದೆ.

ಎಂ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ದೊಡ್ಡ ಫೋಟೊಗ್ರಾಫರುಗಳೆಲ್ಲ ಎಂನಲ್ಲೇ ತೆಗೆಯುತ್ತಾರೆ ಎಂಬ ಹಮ್ಮು ಕ್ಯಾಮೆರಾ ಕೊಂಡ ಆರು ತಿಂಗಳಿಗೆ ಎಲ್ಲರಿಗೂ ಹತ್ತುತ್ತದೆ. ಎಂಗೆ ಹಾಕಿ, ಗುರುತು ಸೊನ್ನೆಗೆ ಬರುವ ತನಕ ಚಕ್ರ ತಿರುಗಿಸಿ, ಸೊನ್ನೆಗೆ ಬಂದೊಡನೆ ಒತ್ತುತ್ತಾರೆ. ಆ ಸೊನ್ನೆಯನ್ನು ಹೇಳಿದ್ದು ಯಾರು? ಅದೇ ಮೀಟರು. ಪಿ ಅರೆಗಳಿಗೆಯಲ್ಲಿ ಮಾಡುವ ಕೆಲಸವನ್ನು ಬೆವರು ಸುರಿಸಿ ಮಾಡಿದಂತಾಯಿತು, ಕರಿಗುಡ್ಡ ಅಲ್ಲೂ ಬೂದುವೇ. ಇನ್ನು ಎಂನಲ್ಲಿ ಐಎಸ್‌ಒ ಮಾತ್ರ ಆಟೊ ಬಿಡುವವರಿದ್ದಾರೆ. ಮರದ ನೆರಳು-ಬಿಸಿಲಿನಲ್ಲಿ ಹಕ್ಕಿ ಅಟ್ಟುವಾಗ ಅದು ಒಳ್ಳೆಯ ಉಪಾಯವೇ. ಆದರೆ ಆಗ ಮೀಟರು ಹಿಂಬಾಗಿಲಿನಿಂದ ಒಳಗೆ ಬಂದಿದೆ, ಪ್ಲಸ್-ಮೈನಸ್ ಗುಂಡಿಯ ಕೆಲಸ ಮತ್ತೆ ಶುರುವಾಗಿದೆ ಎಂದು ನೆನಪಿರಲಿ.

ನೆತ್ತಿ ಮುಟ್ಟುವ ಹೊತ್ತಿಗೆ ಬಿಸಿಲು ಚುರುಕಾಗಿದೆ. ತುತ್ತತುದಿಯಲ್ಲಿ ಕಲ್ಲುಕಂಬದ ಪುಟ್ಟ ಮಂಟಪ, ಒಳಗೆ ನಂದಿ. ಕೆಳಗೆ ಅರ್ಕಾವತಿಯ ಕಣಿವೆ, ಹೊಲಗಳ ತೇಪೆ, ಮಂಚನಬೆಲೆ ಜಲಾಶಯ ಈಗ ಮಂಜು ಹರಿದು ಹೊಳೆಯುತ್ತಿದೆ. ನಂದಿಯೂ ಬೇಕು, ಕಣಿವೆಯೂ ಬೇಕು. ಒಂದೇ ಬಿಂದುವನ್ನು ಅಳೆಯುವ ಸ್ಪಾಟ್ ಮೀಟರಿಗೆ ಬದಲಿಸಿ ಒಂದೊಂದನ್ನೇ ಅಳೆಯಿರಿ. ನೆರಳಿನ ನಂದಿಗೆ 1/60, ಬಿಸಿಲಿನ ಹೊಲಕ್ಕೆ 1/2000. ಐದು ಸ್ಟಾಪಿನ ಅಂತರ. ಒಂದೊಂದು ಸ್ಟಾಪಿಗೆ ಬೆಳಕು ಇಮ್ಮಡಿ, ಅಂದರೆ 32 ಪಟ್ಟು. ಕಣ್ಣು ಎರಡನ್ನೂ ಒಟ್ಟಿಗೆ ನೋಡುತ್ತದೆ. ಕ್ಯಾಮೆರಾದಲ್ಲಿ ಯಾವ ಮೋಡ್ ಇಟ್ಟರೂ ಒಂದನ್ನು ಆರಿಸಬೇಕು.

ಕತ್ತಲೆಯನ್ನೇ ಆರಿಸಿಕೊಂಡವರೂ ಇದ್ದಾರೆ. ನಿರ್ದೇಶಕ ಡೇವಿಡ್ ಲೀನ್ ತನ್ನ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರವನ್ನು ತೆಗೆಯಲು ಬಂದದ್ದು ಸಾವನದುರ್ಗ ಮತ್ತು ರಾಮದೇವರ ಬೆಟ್ಟಕ್ಕೆ. ಆ ಚಿತ್ರಕ್ಕೆ ಆಧಾರವಾದ ಕಾದಂಬರಿಯ ಮರಬಾರ್ ಗುಹೆಗಳ ಮೂಲ ಬಿಹಾರದ ಬರಾಬರ್ ಬೆಟ್ಟದಲ್ಲಿದೆ. ಅಲ್ಲಿನ ನೋಟ ಅವನಿಗೆ ಹಿಡಿಸಲಿಲ್ಲ. ಇಲ್ಲಿಯ ಬಂಡೆಗಳು ಹಿಡಿಸಿದವು, ಗುಹೆಗಳ ಬಾಯಿಯನ್ನು ಚಿತ್ರತಂಡವೇ ಕೊರೆಯಿಸಿಕೊಂಡಿತು. ಚಿತ್ರ 1984ರಲ್ಲಿ ತೆರೆಗೆ ಬಂತು. ಉರಿಬಿಸಿಲಿನ ಬಂಡೆಯಲ್ಲಿ ಕಗ್ಗತ್ತಲೆಯ ಒಂದು ಕಿಂಡಿ: ಕಥೆಗೆ ಬೇಕಾದದ್ದು ಆ ಕತ್ತಲೆಯೇ. ಒಳಗೇನಿದೆ ಎಂದು ಕಾಣುವಂತೆ ಬೆಳಕು ಕೊಟ್ಟಿದ್ದರೆ ಕಥೆಯೇ ಕೆಡುತ್ತಿತ್ತು. ನಿಮಗೆ ಅಂಥ ಹಟವಿಲ್ಲದಿದ್ದರೆ ಹೊಲಗಳು ಸುಡದಂತೆ ಎಕ್ಸ್‌ಪೋಶರ್ ಇಟ್ಟು, ರಾ ಫೈಲಿನಲ್ಲಿ ತೆಗೆದು, ಮನೆಗೆ ಹೋಗಿ ನಂದಿಯ ನೆರಳನ್ನು ಎತ್ತಬಹುದು. ಕಪ್ಪಿನಲ್ಲಿ ಮುಳುಗಿದ್ದು ಬಹುಪಾಲು ಮೇಲೆ ಬರುತ್ತದೆ, ಸುಟ್ಟ ಬಿಳಿ ಬರುವುದಿಲ್ಲ. ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಮಿನ ಗುಡ್ಡ ಬಲಗೋಡೆಗೆ ಒರಗಿದೆಯೇ ಎಂದು ನೋಡಿಕೊಂಡರೆ ಸಾಕು.

ಮಂಟಪದ ನೆರಳಿನಲ್ಲಿ ಚನ್ನಪಟ್ಟಣದ ಹುಡುಗರ ಗುಂಪೊಂದು ಸೌತೆಕಾಯಿ ಕಡಿಯುತ್ತಾ ಕೂತಿದೆ. ನಿಮ್ಮ ಹೆಗಲ ಕ್ಯಾಮೆರಾ ನೋಡಿ ಒಬ್ಬ ಎದ್ದು ಬರುತ್ತಾನೆ.

“ಅಣ್ಣಾ, ಒಂದು ಗ್ರೂಪ್ ಫೋಟೊ ಹೊಡ್ಕೊಡಿ. ನಮ್ ಫೋನಲ್ಲೇ.”

ಹುಡುಗರು ನೆರಳಿನಲ್ಲಿ, ಹಿಂದೆ ಉರಿಯುವ ಆಕಾಶ. ಫೋನಿನಲ್ಲಿ ಮೋಡ್ ಡಯಲ್ ಇಲ್ಲ. ಬಹಳಷ್ಟು ಫೋನುಗಳಲ್ಲಿ ಅಪರ್ಚರ್ ಬದಲಾಗುವುದೂ ಇಲ್ಲ, ಶಟರ್ ಮತ್ತು ಐಎಸ್‌ಒ ಎರಡರಲ್ಲೇ ಅದರ ಆಟ. ಆದರೆ ಒಬ್ಬನ ಮುಖದ ಮೇಲೆ ಬೆರಳಿಟ್ಟರೆ ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಮೂಡುತ್ತದೆ. ಮೇಲಕ್ಕೆ ಎಳೆದರೆ ಪ್ಲಸ್, ಕೆಳಕ್ಕೆ ಎಳೆದರೆ ಮೈನಸ್. ಮೇಲಕ್ಕೆ ಎಳೆದು ಒಂದು ತೆಗೆಯುತ್ತೀರಿ, ಮುಖಗಳು ಅರಳುತ್ತವೆ. ಕೆಳಕ್ಕೆ ಎಳೆದು ಇನ್ನೊಂದು. ಮೋಡ, ಕಣಿವೆ, ನೀರು ಎಲ್ಲ ಬರುತ್ತವೆ, ಹುಡುಗರು ಕರಿನೆರಳಾಗುತ್ತಾರೆ.

ಎಲ್ಲರೂ ಫೋನಿಗೆ ಮುಗಿಬೀಳುತ್ತಾರೆ.

“ಇದ್ರಲ್ಲಿ ಮೋಡ ಎಲ್ಲೋಯ್ತು?”

“ಮೋಡ ಕಟ್ಕೊಂಡು ಏನ್ ಮಾಡ್ತೀಯ ಮಗಾ, ಮುಖ ಬಂದೈತಲ್ಲ.”

ಬಿಳಿ ಶರ್ಟಿನವನೊಬ್ಬ ಮಾತ್ರ ಎರಡನ್ನೂ ಒಪ್ಪುವುದಿಲ್ಲ. “ಅಣ್ಣಾ, ಇದ್ರಲ್ಲಿ ಶರ್ಟು ಮಾಸಿದಂಗೈತೆ, ಇದ್ರಲ್ಲಿ ಗುಂಡೀನೇ ಕಾಣಲ್ಲ. ಎರಡರ ಮಧ್ಯ ಒಂದು ಹೊಡೀರಿ.”

ಅಣ್ಣ ನಿಮ್ಮತ್ತ ತಿರುಗುತ್ತಾರೆ. “ಇವನನ್ನ ಸ್ಟುಡಿಯೊಗೆ ಇಟ್ಕೊಬೇಕು ಸಾರ್,” ಎಂದು ಫೋನು ಇಸಿದುಕೊಂಡು, ಅವನ ಶರ್ಟಿನ ಮೇಲೆಯೇ ಬೆರಳಿಟ್ಟು, ಸೂರ್ಯನನ್ನು ಕೂದಲೆಳೆಯಷ್ಟು ಮೇಲಕ್ಕೆ ಎಳೆಯುತ್ತಾರೆ.